ಬ್ರೂವರಿ ನಡೆಸುವಾಕೆಯ ಸಹಿ ಸಾಲದೇ?

ಮಾನ್ಯ ಸಂಪಾದಕರೇ,

ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಸೂಕ್ಷ್ಮಾಣುಜೀವಿ ವಿಜ್ಞಾನ ಬೋಧಿಸಿ ನಿವೃತ್ತಳಾದವಳು ನಾನು. ಬೆಂಗಳೂರಿನಲ್ಲಿ ಸಣ್ಣದೊಂದು ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಘಟಕ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯ ಅನುಭವ ಕೇಳಿದಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಕಾಗದಪತ್ರ ಹಿಡಿದು ಕಚೇರಿಯೊಂದಕ್ಕೆ ಹೋದಾಗ ಆಕೆಗೆ ಮೊದಲು ಎದುರಾದದ್ದು ‘ಯಜಮಾನ್ರು ಬರಲಿಲ್ವಾ ಮೇಡಂ?’ ಎಂಬ ಪ್ರಶ್ನೆ. ತೆರಿಗೆ ದಾಖಲೆ, ಯೋಜನಾ ವರದಿ ಎಲ್ಲವೂ ಆಕೆಯ ಹೆಸರಿನಲ್ಲೇ ಇದ್ದರೂ, ಸಾಲ ಕೇಳಿದ ಕಡೆ ಗಂಡನೋ ತಂದೆಯೋ ಜೊತೆಗೆ ಸಹಿ ಹಾಕಿದರೆ ಒಳ್ಳೆಯದೆಂಬ ಸಲಹೆ ಬಂತು. ನೆಂಟರಿಷ್ಟರಂತೂ ‘ನೀನೂ ಕುಡೀತೀಯಾ?’ ಎಂಬಲ್ಲಿಂದ ಮುಂದೆ ಬಂದೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಆಕೆಯ ಕೆಲಸ ನೋಡಲು ಹೋಗಿದ್ದೆ. ಬೆಳಿಗ್ಗೆ ಏಳಕ್ಕೇ ರಬ್ಬರ್ ಬೂಟು ತೊಟ್ಟು, ನುಚ್ಚಾದ ಬಾರ್ಲಿ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಕಾಳನ್ನು) ಬಿಸಿನೀರಿಗೆ ಬೆರೆಸಿ, ಶಾಖ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುವಂತೆ ಮಾಪಕದ ಮೇಲೆ ಕಣ್ಣಿಟ್ಟಿದ್ದಳು. ತೀರಾ ಏರಿದರೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಕೆಡುತ್ತವೆ. ಇಳಿದರೆ ಬಿಯರ್ ನೀರುನೀರಾಗುತ್ತದೆ. ಬಸಿದ ಸಿಹಿರಸಕ್ಕೆ ಕಹಿ ರುಚಿ ಕೊಡುವ ಹಾಪ್ಸ್ ಹೂ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿದ ಮೇಲೆ ವಾರಗಟ್ಟಲೆ ಕಾಯಬೇಕು. ಆದರೆ ದಿನದ ಹೆಚ್ಚಿನ ಹೊತ್ತು ಹೋಗುವುದು ತೊಳೆಯುವುದರಲ್ಲೇ, ಏಕೆಂದರೆ ಯಾವುದೋ ಕೊಳವೆಯ ಸಂದಿಯಲ್ಲಿ ಬೇಡದ ಬ್ಯಾಕ್ಟೀರಿಯಾ ಉಳಿದರೂ ಇಡೀ ಟ್ಯಾಂಕು ಹುಳಿತು ಮೋರಿಗೆ ಹೋಗಬೇಕಾಗುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಗೆ ಬಟ್ಟೆ ಸುತ್ತಿ ಬೆಚ್ಚಗಿಡುವ ನಮ್ಮ ಮನೆಗಳ ಹೆಂಗಸರಿಗೆ ಹುದುಗಿನ ವಿದ್ಯೆ ಹೊಸದೇನಲ್ಲ. ಜಾರ್ಖಂಡಿನ ಆದಿವಾಸಿ ಹೆಣ್ಣುಮಕ್ಕಳು ಅನ್ನ ಹುದುಗಿಸಿ ಹಂಡಿಯಾ ಎಂಬ ಮದ್ಯ ಮಾಡುವುದೂ ಇದೇ ವಿದ್ಯೆಯಿಂದ. ನಾನು ಹೊರಡುವ ಹೊತ್ತಿಗೆ ಹೊಸಕೋಟೆ ಕಡೆಯ ರೈತರೊಬ್ಬರು, ಇನ್ನೂ ಹಬೆಯಾಡುತ್ತಿದ್ದ ಬಾರ್ಲಿ ಹೊಟ್ಟನ್ನು ತಮ್ಮ ಹಸುಗಳಿಗೆಂದು ಡ್ರಮ್ಮುಗಳಲ್ಲಿ ತುಂಬಿಕೊಳ್ಳುತ್ತಿದ್ದರು.

ಈ ವಿದ್ಯೆ ಕಲಿತ ಹೆಣ್ಣಿಗೆ ಬಾಗಿಲು ಮುಚ್ಚಿದ್ದು ಇದು ಮೊದಲ ಸಲವಲ್ಲ. ನಮ್ಮ ಊರಿನವರೇ ಆದ ಕಿರಣ್ ಮಜುಂದಾರ್ ಷಾ ಅವರು ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಓದಿ, 1975ರಲ್ಲಿ ಬ್ರೂಮಾಸ್ಟರ್ (ಬಿಯರ್ ತಯಾರಿಕೆಯ ಮುಖ್ಯ ತಜ್ಞೆ) ಆಗಿ ಅರ್ಹತೆ ಪಡೆದು ಮರಳಿದರೂ, ಅದು ಗಂಡಸರ ಕೆಲಸವೆಂಬ ಕಾರಣಕ್ಕೆ ಅವರಿಗೆ ಇಲ್ಲಿ ಆ ಹುದ್ದೆ ಸಿಗಲಿಲ್ಲ. 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಅವರು ಜೈವಿಕ ತಂತ್ರಜ್ಞಾನ ಕಂಪನಿ ಬಯೋಕಾನ್ ಆರಂಭಿಸಿದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಅದಕ್ಕೆ ಮುಂಚಿನ ನಿರಾಕರಣೆಯನ್ನು ಮರೆಯುತ್ತೇವೆ. ಅವರಷ್ಟು ಛಲ ಎಲ್ಲರಿಗೂ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ಮದ್ಯ ಪೂರೈಸುವ ಜಾಗಗಳಲ್ಲಿ ಮಹಿಳೆಯರ ಉದ್ಯೋಗವನ್ನು ನಿಷೇಧಿಸಿದ್ದ, ದೆಹಲಿಗೆ ಅನ್ವಯವಾಗುತ್ತಿದ್ದ ಪಂಜಾಬ್ ಅಬಕಾರಿ ಕಾಯ್ದೆಯ ಕಲಮನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಸಂವಿಧಾನಬಾಹಿರವೆಂದಿತು. 2011ರಲ್ಲಿ ಬೆಂಗಳೂರಿನ ವಿಠಲ ಮಲ್ಯ ರಸ್ತೆಯಲ್ಲಿ ತೆರೆದ, ನಗರದ ಮೊದಲ ಮೈಕ್ರೋಬ್ರೂವರಿಯ (ಅಲ್ಲೇ ಬಿಯರ್ ತಯಾರಿಸಿ ಬಡಿಸುವ ಜಾಗದ) ಸ್ಥಾಪಕರಲ್ಲಿ ಒಬ್ಬರು ಮಹಿಳೆ.

ಮದ್ಯದಿಂದ ಹಾಳಾದ ಸಂಸಾರಗಳನ್ನು ನಾನೂ ಕಂಡಿದ್ದೇನೆ. 2019ರ ಜನವರಿಯಲ್ಲಿ ಮದ್ಯನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಬಂದ ಸಾವಿರಾರು ಹೆಣ್ಣುಮಕ್ಕಳ ನೋವಿಗೆ ನನ್ನ ತಲೆ ಬಾಗುತ್ತದೆ. ಆ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳೋಣ, ಮತ್ತೆ ಮತ್ತೆ ಕೇಳೋಣ. ಆದರೆ ಪರವಾನಗಿ ಕೊಟ್ಟು ಸುಂಕ ಪಡೆಯುವ ವ್ಯವಸ್ಥೆಯೊಳಗೆ, ಗಂಡಸಿಗೆ ಕೇಳದ ನೈತಿಕ ಪ್ರಶ್ನೆಯನ್ನು ಹೆಣ್ಣಿಗೆ ಮಾತ್ರ ಕೇಳುವುದು ಮದ್ಯವಿರೋಧವಾಗುವುದಿಲ್ಲ.

ಅರ್ಜಿದಾರರು ಮಹಿಳೆಯಾಗಿದ್ದರೆ ಬೇರೆಯವರ ಸಹಿ ಕೇಳಬಾರದೆಂದು ಸಂಬಂಧಪಟ್ಟವರು ತಮ್ಮ ಸಿಬ್ಬಂದಿಗೆ ಲಿಖಿತವಾಗಿ ತಿಳಿಸಬೇಕು. ನಮ್ಮ ವಿಶ್ವವಿದ್ಯಾಲಯಗಳು ಸೂಕ್ಷ್ಮಾಣುಜೀವಿ ವಿಜ್ಞಾನದ ವಿದ್ಯಾರ್ಥಿನಿಯರನ್ನು ಬ್ರೂವರಿಗಳಿಗೂ ತರಬೇತಿಗೆ ಕಳುಹಿಸಬೇಕು. ರಾಜ್ಯದ ಅಬಕಾರಿ ವರ್ಷ ಜುಲೈ 1ಕ್ಕೆ ಆರಂಭವಾಗುವುದರಿಂದ, ಜೂನ್ ಮುಗಿಯುವುದರೊಳಗೆ ನನ್ನ ವಿದ್ಯಾರ್ಥಿನಿ ನವೀಕರಣದ ಕಡತ ಹಿಡಿದು ಮತ್ತೆ ಕಚೇರಿಗಳ ಮೆಟ್ಟಿಲು ಹತ್ತಲಿದ್ದಾಳೆ. ಈ ಸಲವಾದರೂ ಅರ್ಜಿಯಲ್ಲಿ ಯಾರ ಹೆಸರಿದೆಯೋ ಅವರೊಡನೆಯೇ ಮಾತನಾಡಲಿ.

– ನಿವೃತ್ತ ಉಪನ್ಯಾಸಕಿ, ಬೆಂಗಳೂರು