ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು ನಮ್ಮ ಸಂಗೀತ ಶಾಲೆಗೆ ಹಂಚು ಹೊದಿಸಬೇಕಾಗಿದೆ

ಸಂಗೀತಪ್ರೇಮಿಗಳೇ, ಹಳೆಯ ವಿದ್ಯಾರ್ಥಿಗಳೇ, ಪಾಲಕರೇ,

ನಮಸ್ಕಾರ.

ಕಳೆದ ವಾರ ಧಾರವಾಡದಲ್ಲಿ ಹೊಡೆದ ಕೃತ್ತಿಕಾ ಮಳೆ ನಿಮಗೆಲ್ಲ ನೆನಪಿರಬೇಕು. ರಾತ್ರಿ ಒಂಬತ್ತಕ್ಕೆ ಶುರುವಾದ ಗಾಳಿ ಮಳೆ ಎರಡು ತಾಸು ಬಿಡಲಿಲ್ಲ. ನಮ್ಮ ಶಾಲೆಯ ದೊಡ್ಡ ಕೋಣೆಯಲ್ಲಿ ಹಿಂಬದಿಯ ಜಂತಿಯೊಂದು ಮುರಿದು, ಅದರ ಮೇಲಿನ ಹಂಚೆಲ್ಲ ಒಳಗೆ ಬಿತ್ತು. ಮಕ್ಕಳು ಏಳೂವರೆಗೇ ಮನೆಗೆ ಹೋಗಿದ್ದರು. ದೇವರು ದೊಡ್ಡವನು. ಆದರೆ ತಂಬೂರಿಗಳನ್ನು ನಾವು ಅದೇ ಗೋಡೆಗೆ ಒರಗಿಸಿ ಇಡುವುದು, ನಿಮಗೆ ಗೊತ್ತೇ ಇದೆ.

ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲಿ ಗುರುಗಳು ಆಗಲೇ ಬಂದುಬಿಟ್ಟಿದ್ದರು. ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ನೆಲದ ಮೇಲೆ ಕೂತು, ತಮ್ಮ ಧೋತರದ ಚುಂಗಿನಿಂದ ಒಂದೊಂದೇ ತಂಬೂರಿ ಒರೆಸುತ್ತಿದ್ದರು. ಅವರಿಗೀಗ 72 ವರ್ಷ. ಒಂಬತ್ತು ತಂಬೂರಿಗಳಲ್ಲಿ ನಾಲ್ಕು ನೆನೆದಿದ್ದವು. ಎರಡರಲ್ಲಿ ಬುರುಡೆ ಮತ್ತು ದಂಡಿ ಕೂಡುವ ಕಡೆ ಅಂಟು ಬಿಟ್ಟು, ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಒಂದು ತಬಲಾದ ಶಾಯಿ, ಅಂದರೆ ನಡುವಿನ ಕಪ್ಪು ಲೇಪ, ಮುಟ್ಟಿದರೆ ಕೈಗೆ ಬರುತ್ತಿತ್ತು. ಹಳೆಯ ಪೇಟಿಯನ್ನು (ಹಾರ್ಮೋನಿಯಂ) ಎತ್ತಿದಾಗ ಒಳಗಿಂದ ನೀರು ಸೋರಿತು.

ಇವು ಮಿರಜದಲ್ಲಿ ಹೇಳಿ ಮಾಡಿಸಿದ ತಂಬೂರಿಗಳು. ಪಂಢರಪುರದ ಕಡೆ ಹೊಲದಲ್ಲಿ ಬೆಳೆದ ಬುರುಡೆಯನ್ನು ಒಣಗಿಸಿ, ಕೊರೆದು, ಕೂಡಿಸಿ, ತಿಂಗಳುಗಟ್ಟಲೆ ಕೆಲಸ ಮಾಡಿ ಕೊಟ್ಟವು. ಮಿರಜದ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಾಗ ನಮ್ಮ ಮಕ್ಕಳಿಗೆ ಇವನ್ನೇ ತೋರಿಸಿ ಹೆಮ್ಮೆಯಿಂದ ಪಾಠ ಹೇಳಿದ್ದೆವು.

ಮರುದಿನ ಸಂಜೆ ಪಾಠ ನಿಲ್ಲಿಸಬಾರದೆಂದು ಪಕ್ಕದ ಮನೆಯವರ ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಕಣ್ಣು ಕಾಣದ ನಮ್ಮ ವಿದ್ಯಾರ್ಥಿನಿಯೊಬ್ಬಳು ತಂಬೂರಿ ಹಿಡಿದು ಎರಡು ಸಲ ಮೀಟಿದಳು. ಕೈ ತೆಗೆದು, "ಗುರುಗಳೆ, ಇದು ನಮ್ಮ ತಂಬೂರಿ ಅಲ್ರೀ" ಅಂದಳು. ನಮ್ಮದೇ ತಂಬೂರಿ ಅದು. ನೀರು ಕುಡಿದು ಜವಾರಿ, ಅಂದರೆ ತಂತಿಯ ನಾದಕ್ಕೆ ಗುಂಗು ಕೊಡುವ ಹದ, ಹೋಗಿತ್ತು. ಅಲ್ಲಿದ್ದ ನಮಗೆ ಯಾರಿಗೂ ಮಾತು ಹೊರಡಲಿಲ್ಲ.

ಈ ಶಾಲೆ ಹೇಗೆ ಬೆಳೆಯಿತು ಎಂದು ನಿಮಗೆ ಹೇಳುವ ಅಗತ್ಯವಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಇಲ್ಲಿಯೇ ಮೊದಲ ಸಲ ಭೂಪ ರಾಗ ಕಲಿತವರು. ಅರವತ್ತು ವರ್ಷದಲ್ಲಿ ಒಂದೇ ಒಂದು ಗುರುಪೂರ್ಣಿಮೆ ತಪ್ಪಿಲ್ಲ. ಇಲ್ಲಿ ಕಲಿತ 11 ಜನ ಆಕಾಶವಾಣಿಯ ಗ್ರೇಡ್ ಪಡೆದ ಕಲಾವಿದರಾಗಿದ್ದಾರೆ. ಹೈಸ್ಕೂಲು, ಕಾಲೇಜುಗಳಲ್ಲಿ ಸಂಗೀತ ಮೇಷ್ಟ್ರಾದವರು ಇನ್ನೂ ಜಾಸ್ತಿ. ಗಾಂಧರ್ವ ಸಂಗೀತ ಪರೀಕ್ಷೆಗೆ ಪ್ರತಿ ವರ್ಷ ಮಕ್ಕಳನ್ನು ಕೂಡಿಸುತ್ತೇವೆ. ಅದರಲ್ಲಿ ವಿಶಾರದ ಪದವಿ ಮುಗಿಸಿದವರ ಫೋಟೋ ಸಾಲು ಆ ದೊಡ್ಡ ಕೋಣೆಯ ಗೋಡೆಯ ಮೇಲೇ ಇತ್ತು. ಈಗ ಅವನ್ನೆಲ್ಲ ಇಳಿಸಿ ಒಣಗಲು ಹಾಕಿದ್ದೇವೆ. ಸಂಗೀತ ಕಲಿಯಲು ಬಂದ ಒಂದು ಮಗುವನ್ನೂ ಫೀ ಇಲ್ಲ ಎಂಬ ಕಾರಣಕ್ಕೆ ವಾಪಸ್ ಕಳಿಸಿದ್ದಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇವೆ.

ಈಗ 68 ಮಕ್ಕಳಿದ್ದಾರೆ. ಅವರಲ್ಲಿ 40ಕ್ಕೂ ಹೆಚ್ಚು ಮಕ್ಕಳು ಫೀ ಕೊಡುವುದಿಲ್ಲ, ನಾವು ಕೇಳುವುದೂ ಇಲ್ಲ. ಕಲಘಟಗಿ ಕಡೆಯ ಹಳ್ಳಿಯಿಂದ ಒಂಬತ್ತನೇ ಇಯತ್ತೆಯ ಹುಡುಗನೊಬ್ಬ ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಬರುತ್ತಾನೆ. ಅಪ್ಪ ಕೂಲಿಗೆ ಹೋಗುತ್ತಾರೆ. ಮನೆಗೆ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದನ್ನು ಗುರುಗಳು ಹೇಳಿದ ದಿನದಿಂದ ಆ ಹುಡುಗ ಬಸ್ಸಿನಲ್ಲೂ ಪಲಟಾ (ಸ್ವರಾಭ್ಯಾಸ) ಗುನುಗುತ್ತಾನಂತೆ.

ನಮ್ಮ ಭಾಗದ ಸಂಗೀತ ಯಾವತ್ತೂ ಜನರ ಕೈಯಿಂದಲೇ ಉಳಿದಿದೆ. ಕಿರಾನಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದಾಗ, ಶಿಷ್ಯರ ಖರ್ಚಿಗೆ ತಮ್ಮ ಕಚೇರಿಗಳ ಗಳಿಕೆ ಹಾಕಿದರು. ಗದುಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು, ಅವರ ಊಟಕ್ಕಾಗಿ ನಾಟಕ ಕಂಪನಿ ನಡೆಸಿದರು. ಆಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಭಕ್ತರು ಮಾಡಿದ ತುಲಾಭಾರದ ಹಣವನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೇ ಕೊಟ್ಟರು. ಬಸವರಾಜ ರಾಜಗುರು ಅವರಂಥ ಗಾಯಕರು ಬಂದದ್ದು ಆ ಆಶ್ರಮದ ಅನ್ನ ಉಂಡು. ಇನ್ನೊಂದು ಕಥೆಯೂ ನಮಗೆ ಗೊತ್ತಿದೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಕಟ್ಟಿದರು. ರಾಜರ ಆಸರೆ ಬೇಡ, ಜನರ ದೇಣಿಗೆಯಿಂದಲೇ ನಡೆಸುತ್ತೇನೆ ಅಂತ ಹೊರಟವರು. ಮುಂಬೈಯಲ್ಲಿ ಸಾಲ ಮಾಡಿ ಕಟ್ಟಿದ ಕಟ್ಟಡ ಮಾತ್ರ ಕೊನೆಗೆ ಸಾಲಗಾರರ ಪಾಲಾಯಿತು. ಅಂಥ ದೊಡ್ಡವರಿಗೇ ಹಾಗಾಯಿತಲ್ಲ ಎಂದು ನೆನೆದು, ನಮ್ಮ ಹಿಂದಿನ ಟ್ರಸ್ಟಿಗಳು ಶಾಲೆಗಾಗಿ ಒಂದು ರೂಪಾಯಿ ಸಾಲ ತೆಗೆಯಬಾರದೆಂದು ಠರಾವು ಮಾಡಿದ್ದಾರೆ. ನಾವೂ ಅದನ್ನು ಮುರಿಯುವುದಿಲ್ಲ.

"ಈಗ ದೊಡ್ಡ ದೊಡ್ಡ ಪ್ರತಿಷ್ಠಾನಗಳು ಇವೆಯಲ್ಲ, ಅವರನ್ನು ಕೇಳಿ" ಎಂದು ಬಹಳ ಜನ ಹೇಳುತ್ತಾರೆ. ಕೇಳಿದ್ದೇವೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಾಂಪ್ರದಾಯಿಕ ಕಲೆಯ ಬೆಳವಣಿಗೆಯೂ ಆ ಪಟ್ಟಿಯಲ್ಲಿದೆ. ಅದಕ್ಕೆ ಬೇಕಾದ ನೋಂದಣಿ, ಮೂರು ವರ್ಷದ ಆಡಿಟ್ ಲೆಕ್ಕ ಎಲ್ಲ ಸಿದ್ಧ ಮಾಡಿಕೊಂಡು ಎರಡು ವರ್ಷದಲ್ಲಿ 14 ಕಡೆ ಅರ್ಜಿ ಹಾಕಿದೆವು. ಹೆಚ್ಚಿನವರು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಸಾವಿರ ಮಕ್ಕಳಿಗೆ ಪ್ರಯೋಜನ? ವರ್ಷದ ಕೊನೆಗೆ ಏನು ತೋರಿಸುತ್ತೀರಿ? ಒಂದು ಮಗುವಿನ ಷಡ್ಜ (ಮೊದಲ ಸ್ವರ 'ಸಾ') ನಿಲ್ಲಲು ಎಷ್ಟು ತಿಂಗಳು ಬೇಕು ಎನ್ನುವುದು ಕಲಿತವರಿಗೆ ಗೊತ್ತು. ಅದನ್ನು ಫಾರ್ಮಿನಲ್ಲಿ ಬರೆಯುವುದು ಹೇಗೆ ಎಂದು ನಮಗೆ ತಿಳಿಯಲಿಲ್ಲ. ಸಂಗೀತೋತ್ಸವ ಮಾಡಿದರೆ ಹಣ ಕೊಡುತ್ತೇವೆ ಎಂದವರು ಇದ್ದರು. ಒಂದು ಸಲ ಉತ್ಸವವನ್ನೂ ಚೆನ್ನಾಗಿ ಮಾಡಿದೆವು. ಆದರೆ ಗುರುಗಳ ಗೌರವಧನಕ್ಕೆ, ತಂಬೂರಿ ರಿಪೇರಿಗೆ, ಲೈಟ್ ಬಿಲ್ಲಿಗೆ ಯಾರೂ ಮುಂದೆ ಬರಲಿಲ್ಲ.

ಎಲ್ಲ ಕಡೆ ಹಾಗಿಲ್ಲ ಎನ್ನುವುದೂ ನಿಜ. ಕೋಲ್ಕತ್ತಾದ ಟಾಲಿಗಂಜ್‌ನಲ್ಲಿ ಐಟಿಸಿ ಕಂಪನಿ 1970ರ ದಶಕದಲ್ಲಿ ಶುರು ಮಾಡಿದ ಸಂಗೀತ ರಿಸರ್ಚ್ ಅಕಾಡೆಮಿ ನೋಡಿ. ಗುರುಗಳು ಅಲ್ಲೇ ಇದ್ದು ಕಲಿಸುತ್ತಾರೆ. ಶಿಷ್ಯರಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ವರ್ಷಗಟ್ಟಲೆ ಕೂತು ಕಲಿಯಲು ಬಿಡುತ್ತಾರೆ. ಸಂಗೀತಕ್ಕೆ ನೆರವು ಅಂದರೆ ಹೀಗಿರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕಲಿಸುವವರ ಮನೆ ನಡೆದರೆ ಕಲಿಯುವವರು ತಾವಾಗಿ ಬರುತ್ತಾರೆ. ನಮ್ಮ ಗುರುಗಳಿಗೆ ನಾವು ಕೊಡುವುದು ತಿಂಗಳಿಗೆ 6,000 ರೂಪಾಯಿ. ಕಳೆದ ಮೂರು ತಿಂಗಳು ಅದನ್ನೂ ಅವರು ತೆಗೆದುಕೊಂಡಿಲ್ಲ. "ಮೊದಲು ಜಂತಿ ನೋಡ್ರಿ" ಅಂದಿದ್ದರು. ನಾವು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆ ತಪ್ಪು ನಮ್ಮದು.

ಈಗ ಒಂದು ಪ್ರತಿಷ್ಠಾನದವರು ಬಂದು ಬಿದ್ದ ಕೋಣೆ ನೋಡಿದ್ದಾರೆ, ಮಕ್ಕಳ ಹಾಡು ಕೇಳಿದ್ದಾರೆ. ಚಾವಣಿ ಕೆಲಸಕ್ಕೆ ಸುಮಾರು 8 ಲಕ್ಷ ಬೇಕು. ಜಂತಿ, ರೀಪು ಪೂರ್ತಿ ಹೊಸದು ಹಾಕಬೇಕು. ಹಂಚಿನಲ್ಲಿ ಅರ್ಧದಷ್ಟು ಹಳೆಯದೇ ನಡೆಯುತ್ತದೆ ಎಂದು ಬಡಿಗರು ಹೇಳಿದ್ದಾರೆ. ನಾವು 4 ಲಕ್ಷ ಕೂಡಿಸಿದರೆ ಉಳಿದ 4 ಲಕ್ಷ ಅವರು ಕೊಡುತ್ತಾರೆ. ಷರತ್ತು ಒಂದೇ. ನಮ್ಮ ಪಾಲು ಜೂನ್ 5ರೊಳಗೆ ಟ್ರಸ್ಟಿನ ಖಾತೆಯಲ್ಲಿ ಇರಬೇಕು. ಅದಾಗಿ ಎರಡು ಮೂರು ದಿನಕ್ಕೆ ಮಿರಗ ಕೂಡುತ್ತದೆ. ಸದ್ಯ ತಾಡಪತ್ರಿ ಹೊದಿಸಿದ್ದೇವೆ. ಧಾರವಾಡದ ಮಳೆಗೆ ಅದು ಎಷ್ಟು ದಿನ ತಡೆದೀತು?

ಇವತ್ತಿನವರೆಗೆ 1 ಲಕ್ಷ 30 ಸಾವಿರದಷ್ಟು ಬಂದಿದೆ. ಅದರಲ್ಲಿ ಮೊದಲ 500 ರೂಪಾಯಿ ಕೊಟ್ಟವರು ಮೇಲೆ ಹೇಳಿದ ಹುಡುಗನ ತಾಯಿ. ಬೇಡ ಅಂದರೂ ಕೇಳಲಿಲ್ಲ. ಇನ್ನೂ 2 ಲಕ್ಷ 70 ಸಾವಿರ ಬೇಕು. ವಾದ್ಯಗಳ ರಿಪೇರಿಗೆ ಹತ್ತಿರ ಹತ್ತಿರ 1 ಲಕ್ಷ ಬೇರೆ ಆಗುತ್ತದೆ. ಆದರೆ ಅದನ್ನು ಚಾವಣಿ ಆದ ಮೇಲೆ ಕೇಳುತ್ತೇವೆ. 5,000 ರೂಪಾಯಿ ಕೊಟ್ಟರೆ ಒಂದು ಸಾಲು ಹಂಚಾಗುತ್ತದೆ. 500 ಕೊಟ್ಟರೂ ನಮಗೆ ಅಷ್ಟೇ ಗೌರವ. ಹಣ ಕೊಡಲಾಗದವರು ಸಾಗುವಾನಿ ಜಂತಿ, ಒಳ್ಳೆಯ ಹಳೆ ಹಂಚು ಇದ್ದರೆ ತಿಳಿಸಿ, ಟೆಂಪೋ ತಂದು ಒಯ್ಯುತ್ತೇವೆ.

ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀದಿ ಕೊಡುತ್ತೇವೆ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದರ ಉಪಯೋಗವಿದೆ. 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ದಯವಿಟ್ಟು ಬ್ಯಾಂಕಿನ ಮೂಲಕವೇ ಕಳಿಸಿ. ವಿದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ನಾವು ತೆಗೆದುಕೊಳ್ಳುವಂತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಊರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೆ, ಗೆಳೆಯರಿಗೆ ಈ ವಿಷಯ ತಿಳಿಸಿದರೆ ಅದೇ ದೊಡ್ಡ ಉಪಕಾರ.

ಖಾತೆಯ ವಿವರ ಶಾಲೆಯ ಕಚೇರಿಯಲ್ಲಿದೆ. ಸಂಜೆ 5ರಿಂದ 7ರವರೆಗೆ ಟ್ರಸ್ಟಿಗಳಲ್ಲಿ ಒಬ್ಬರಾದರೂ ಅಲ್ಲಿ ಇರುತ್ತೇವೆ. ಪಾಠ ಪಕ್ಕದ ಮನೆಯ ಪಡಸಾಲೆಯಲ್ಲಿ ನಡೆದಿದೆ. ಬನ್ನಿ, ಮಕ್ಕಳ ಜೊತೆ ಸ್ವಲ್ಪ ಹೊತ್ತು ಕೂತು ಹೋಗಿ.

ತಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು ಮತ್ತು ಶಾಲೆಯ ಗುರುವೃಂದ
ಧಾರವಾಡ