ಹೊರಗೋಡೆಯ ತೂತುಗಳ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯರೇ,

ಸೆಕೆ ತಡೆಯಲೆಂದು ನಾವು ಥರ್ಮಾಕೋಲ್ ಕೂರಿಸಿಕೊಟ್ಟ ಹೊರಗೋಡೆಗೆ ಬೇರೆಯವರು ಕೊರೆದ ತೂತುಗಳನ್ನು ಜೂನ್ 1ರಿಂದ ಪುಕ್ಕಟೆ ಮುಚ್ಚುವುದಿಲ್ಲ. ಕೈಗೆ ಸಿಗುವ ತೂತಿಗೆ 450 ರೂಪಾಯಿ, ಏಣಿ ಬೇಕಾದರೆ 700. ಬರೆಯಲು ಮುಜುಗರವೇ. "ಫೋನ್ ಮಾಡಿ, ಬರ್ತೇವೆ" ಅಂತ ಇಷ್ಟು ವರ್ಷ ಹೇಳಿದವರು ನಾವೇ ಅಲ್ವಾ?

ರೇಟ್ ಹೇಳಿದ ಕೂಡಲೇ ಎಲ್ಲರದ್ದೂ ಒಂದೇ ಮಾತು: "ಬೆರಳಷ್ಟು ತೂತು ಮಾರಾಯ್ರೆ, ಚೂರು ವೈಟ್ ಸಿಮೆಂಟ್ ಮೆತ್ತಿದರೆ ಆಯ್ತು. ಅದಕ್ಕೆ ಇಷ್ಟಾ?"

ಬರೀ ಕೆಂಪುಕಲ್ಲಿನ ಗೋಡೆಗೆ ಆ ಮಾತು ಹೆಚ್ಚುಕಡಿಮೆ ಸರಿ. ನಿಮ್ಮದು ಹಾಗಲ್ಲ. ಕಲ್ಲಿನ ಹೊರಗೆ ಎರಡು ಇಂಚು ಥರ್ಮಾಕೋಲ್, ಅದರ ಮೇಲೆ ಫೈಬರ್ ಬಲೆ, ಬಲೆ ಮುಚ್ಚುವಷ್ಟೇ ಗಾರೆ, ಪೈಂಟ್. ಮಳೆ ತಡೆಯುವುದು ಆ ತೆಳು ಪದರ. ಅದು ತೂತಾದರೆ ನೀರು ಶೀಟಿನ ಹಿಂದೆ ಇಳಿದು ಇನ್ನೆಲ್ಲೋ ಹೊರಬರುತ್ತದೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ಮಲ್ಪೆ ಕಡೆಯ ಒಂದು ಮನೆಯಲ್ಲಿ ಕಿಟಕಿ ಮೂಲೆಗೆ ಪಸೆ ಬಂತು. ಬೈಗುಳ ನಮಗೆ. ಏಣಿ ಹತ್ತಿ ನೋಡಿದರೆ ಮೂರು ಅಡಿ ಮೇಲೆ ಎಸಿ ಕೂರಿಸುವವರು ಕೊರೆದು, ಜಾಗ ಸರಿಯಾಗಲಿಲ್ಲವೆಂದು ಬಿಟ್ಟುಹೋದ ನಾಲ್ಕು ತೂತು! ಅವರ ಎರಡು ಇಂಚಿನ ಸ್ಕ್ರೂ ಕಲ್ಲು ಮುಟ್ಟದೆ ಸುಮ್ನೆ ತಿರುಗಿತ್ತು. ಸನ್‌ಶೇಡ್ ಮೇಲೆ ಚರುಂಬುರಿ ಚೆಲ್ಲಿದ ಹಾಗೆ ಥರ್ಮಾಕೋಲಿನ ಬಿಳಿ ಕಾಳು.

ಇಂಥ ತೂತು ಮುಚ್ಚಲು ಮೂರು ಸಲ ಹೋಗಬೇಕು. ಮೊದಲ ದಿನ ಧೂಳು ತೆಗೆದು ಫೋಮ್ ತುಂಬುವುದು. ಅದು ಉಬ್ಬಿ ಗಟ್ಟಿಯಾದ ಮೇಲೆ ಕೊಯ್ದು, ಸುತ್ತ ನಾಲ್ಕಿಂಚು ಪೈಂಟ್ ಕೆರೆದು, ಬಲೆ ತುಂಡು ಇಟ್ಟು ಗಾರೆ. ಅದು ಒಣಗಿದ ಮೇಲೆ ಪೈಂಟ್. ಫೋಮ್ ಡಬ್ಬ ಒಮ್ಮೆ ಒತ್ತಿದರೆ ನಳಿಗೆಯಲ್ಲೇ ಗಟ್ಟಿಯಾಗುತ್ತದೆ. ಒಂದೇ ತೂತಿಗೆ ಇಡೀ ಡಬ್ಬ ಎಸೆದದ್ದು ಎಷ್ಟು ಸಲವೋ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತಲ್ಲ ಅನ್ನುತ್ತಾರೆ ಕೆಲವರು. ಇಳಿಯಿತು, ಸರಿ. ಈ ಕೆಲಸಕ್ಕೆ ಸಿಮೆಂಟ್ ಬೇಕಾದದ್ದು ಒಂದು ಹಿಡಿ. ಪೈಂಟಿಗೆ ಮೊದಲೂ 18, ಈಗಲೂ 18. ಏಣಿ ಹಿಡಿಯಲು ನಿಲ್ಲುವ ಇನ್ನೊಬ್ಬನ ಸಂಬಳ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ತಪ್ಪೂ ಉಂಟು. ಎರಡು ಮಳೆಗಾಲದ ಹಿಂದೆ ಕೆಲವು ಮನೆಗಳಲ್ಲಿ ನಮ್ಮ ಹುಡುಗರು ಅವಸರಕ್ಕೆ ಸಿಲಿಕಾನ್ ಒತ್ತಿ ಬಂದಿದ್ದರು. ಅದರ ಮೇಲೆ ಪೈಂಟ್ ಹಿಡಿಯುವುದಿಲ್ಲ, ಈಗ ಅಲ್ಲೆಲ್ಲ ಕೊಳಕು ಬೊಟ್ಟು. ಕ್ಷಮಿಸಿ. ಅವನ್ನು ಹಣ ತೆಗೆದುಕೊಳ್ಳದೆ ಸರಿ ಮಾಡುತ್ತೇವೆ. ಪೈಂಟ್ ಹಳೆಯದಾದ ಗೋಡೆಯಲ್ಲಿ ಮಾತ್ರ ತೇಪೆ ಕಾಣುತ್ತದೆ, ಅದಕ್ಕೆ ನಮ್ಮಲ್ಲಿ ಮದ್ದಿಲ್ಲ. ನಾವಾಗಿ ಮಾಡಿದ ಕೆಲಸ ಬಿರುಕು ಬಿಟ್ಟರೆ ಐದು ವರ್ಷದ ಗ್ಯಾರಂಟಿ ಹಾಗೆಯೇ ಇದೆ. ಪಡುಗಾಳಿ ನೇರ ಹೊಡೆಯುವ ಗೋಡೆಗೂ ಇದೆ, ಅದರಲ್ಲಿ ನಮಗೆ ಹೆದರಿಕೆ ಇಲ್ಲ.

ಮಳೆಗಾಲದಲ್ಲಿ ತೂತಿಗೆ ತಾತ್ಕಾಲಿಕ ಬಿರಡೆ ಮಾತ್ರ. ಪೂರ್ತಿ ಕೆಲಸ ಗೋಡೆ ಒಣಗಿದ ಮೇಲೆ, ದೀಪಾವಳಿ ಹೊತ್ತಿಗೆ.

ಎಸಿ, ಡಿಶ್, ಬಟ್ಟೆ ಹಗ್ಗದ ಕೊಕ್ಕೆ, ಗೂಡುದೀಪದ ಮೊಳೆ, ಯಾವುದೇ ಇರಲಿ, ಕೊರೆಯುವ ಮೊದಲು ಒಂದು ಫೋನ್ ಮಾಡಿ. ಬಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಕಲ್ಲಿನವರೆಗೆ ಹೋಗುವ ಉದ್ದದ ಸ್ಕ್ರೂ ಯಾವುದೆಂದು ಹೇಳಿ ಹೋಗುತ್ತೇವೆ. ಎಸಿ ಪೈಪಿನ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಿರಲಿ. ಇದಕ್ಕೆಲ್ಲ ದುಡ್ಡಿಲ್ಲ. ಚಾ ಕೊಟ್ಟರೆ ಬೇಡ ಅನ್ನುವುದಿಲ್ಲ.

ಇಂತಿ,
ನಿಮ್ಮ ಗೋಡೆ ಕೆಲಸದವರು, ಉಡುಪಿ