ಆ ಬ್ಯಾನರಿನ ಮೇಲಿನ ಒಂದು ಪದದ ಬಗ್ಗೆ, ಗೆಳೆಯನಿಗೆ

ಪ್ರಿಯ ಗೆಳೆಯಾ,

ವಾಟ್ಸಾಪಿನಲ್ಲಿ ನೀನು ಕಳಿಸಿದ, ನಿಮ್ಮ ಸಭೆಯ ಕೂಟದ ಬ್ಯಾನರ್ ನೋಡಿದೆ. ನೀಲಿ ಮೇಲೆ ಬಂಗಾರದ ಅಕ್ಷರ, 'ಶೆಕೀನಾ ಮಹಿಮೆಯ ರಾತ್ರಿ'. ನೋಡಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಬೈಬಲನ್ನು ಆದಿಕಾಂಡದಿಂದ ಪ್ರಕಟನೆವರೆಗೆ ಹುಡುಕು, ಶೆಕೀನಾ ಅನ್ನುವ ಪದ ಸಿಗುವುದಿಲ್ಲ. ವಾಸಮಾಡು ಅನ್ನುವ ಅರ್ಥದ ಹೀಬ್ರೂ ಪದ 'ಶಾಖನ್' ಇದೆ, ಅದರಿಂದಲೇ ಬಂದ 'ಮಿಶ್ಕಾನ್' ಇದೆ, ಅಂದರೆ ಇಸ್ರಾಯೇಲರು ಅರಣ್ಯದಲ್ಲಿ ದೇವರಿಗಾಗಿ ಎತ್ತಿದ ಆ ಗುಡಾರ. ಶೆಕೀನಾ ಆಮೇಲೆ ಯೆಹೂದಿ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಬಳಕೆಗೆ ತಂದ ಮಾತು, ದೇವರು ನಮ್ಮ ನಡುವೆ ಇದ್ದಾನೆ ಅನ್ನುವುದಕ್ಕೆ. ಅಷ್ಟೇ ಆಗಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಆದರೆ 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಜೋಹರ್ ಗ್ರಂಥ ಹೊರಬಂದ ಮೇಲೆ ಈ ಪದ ತುಂಬಾ ದೂರ ಹೋಯಿತು. ಜೋಹರ್ ಕಬ್ಬಾಲಾದ ಮುಖ್ಯ ಗ್ರಂಥ; ಕಬ್ಬಾಲಾ ಅಂದರೆ ಯೆಹೂದಿಗಳ ಅನುಭಾವದ ದಾರಿ. ಅದರಲ್ಲಿ ದೇವರು ತನ್ನನ್ನು ತೋರಿಸಿಕೊಳ್ಳುವ ಬಗೆ ಹತ್ತು, ಅವುಗಳಿಗೆ ಸೆಫಿರೋತ್ ಅನ್ನುತ್ತಾರೆ. ಹತ್ತನೆಯದು ಶೆಕೀನಾ: ದೇವರ ಹೆಣ್ಣು ಮುಖ, ರಾಣಿ, ಮದುಮಗಳು. 16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಿನ ಕಬ್ಬಾಲಿಗರು ಶುಕ್ರವಾರ ಹೊತ್ತು ಮುಳುಗುವಾಗ ಹೊಲಕ್ಕೆ ನಡೆದು ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿ ದಿನವನ್ನು, ಮದುಮಗಳ ಹಾಗೆ ಎದುರುಗೊಳ್ಳುತ್ತಿದ್ದರು. ದೇವರೂ ಅವನ ಶೆಕೀನಾಳೂ ಒಂದಾಗಲಿ ಅಂತ ಹೇಳಿಕೊಂಡೇ ಆಜ್ಞೆಗಳನ್ನು ಪಾಲಿಸುತ್ತಿದ್ದರು. ಅವರ ಭಕ್ತಿ ನಿಜವಾದದ್ದು. ಆದರೆ ಅದು ನಮ್ಮ ನಂಬಿಕೆ ಅಲ್ಲ, ಅಲ್ವಾ? ನಿಮ್ಮ ಯುವಕರಲ್ಲಿ ಒಬ್ಬ 'ಪವಿತ್ರಾತ್ಮ ಅಂದ್ರೆ ಶೆಕೀನಾನೇ' ಅಂದನಲ್ಲ, ಆ ಹುಡುಗನಿಗೆ ಈಗ ಏನಂತ ಹೇಳುತ್ತೀಯ?

ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು ಇನ್ನೊಂದಿದೆ. ಇಸ್ರಾಯೇಲರು ಎಲ್ಲೆಲ್ಲಿ ಸೆರೆ ಹೋದರೋ ಅಲ್ಲೆಲ್ಲ ಶೆಕೀನಾ ಅವರ ಜೊತೆಗೇ ಹೋಯಿತು ಅನ್ನುತ್ತದೆ ರಬ್ಬಿಗಳ ಬೋಧನೆಗಳ ದೊಡ್ಡ ಗ್ರಂಥ ತಾಲ್ಮುದ್. ಮನೆ ಮಠ ಕಳೆದುಕೊಂಡವರು ಹಿಡಿದುಕೊಂಡ ಮಾತು ಅದು. ಅದೇ ತಾಲ್ಮುದ್ ಪ್ರತಿಗಳನ್ನು 1242ರಲ್ಲಿ ಪ್ಯಾರಿಸಿನಲ್ಲಿ ಗಾಡಿಗಟ್ಟಲೆ ತರಿಸಿ ಸುಟ್ಟವರು ಕ್ರೈಸ್ತರು. ಸುಟ್ಟ ಪುಸ್ತಕದ ಪದವನ್ನು ನಾವೀಗ ಲೈಟು, ಕೀಬೋರ್ಡಿನ ನಡುವೆ ಸುಮ್ನೆ ಕೂಗುತ್ತಿದ್ದೇವೆ. ನನಗೆ ನಾಚಿಕೆ ಆಗುತ್ತದೆ ಕಣೋ.

ನಮ್ಮಲ್ಲಿ ಪದಕ್ಕೆ ಬರ ಇದೆಯಾ? ವಿಮೋಚನಕಾಂಡದ ಕೊನೇ ಅಧ್ಯಾಯ ತೆಗೆದು ನೋಡು. ಮೋಡ ಗುಡಾರವನ್ನು ಮುಚ್ಚುತ್ತದೆ, ಯೆಹೋವನ ತೇಜಸ್ಸು ಒಳಗೆಲ್ಲ ತುಂಬುತ್ತದೆ, ಮೋಶೆಗೇ ಒಳಗೆ ಕಾಲಿಡಲು ಆಗುವುದಿಲ್ಲ. ತೇಜಸ್ಸು ಅಂದರೆ ಸಾಕು, ಹಿಂದಿನ ಸಾಲಿನಲ್ಲಿ ಕೂರುವ ಅಜ್ಜಿಗೂ ತಿಳಿಯುತ್ತದೆ. ಯೋಹಾನನಂತೂ ಯೇಸುವಿನ ಬಗ್ಗೆ ಬರೆಯುವಾಗ, ನಮ್ಮ ನಡುವೆ ಗುಡಾರ ಹಾಕಿಕೊಂಡು ಇದ್ದ ಅನ್ನುವ ಗ್ರೀಕ್ ಮಾತನ್ನೇ ಆರಿಸಿಕೊಂಡಿದ್ದಾನೆ.

ಬ್ಯಾನರ್ ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಂದಿದ್ದೆ. ಇವತ್ತೇ ಪ್ರಿಂಟಿಂಗಿನವರಿಗೆ ಫೋನ್ ಮಾಡು. ಡಿಸೈನ್ ಬದಲಿಸಲು ದುಡ್ಡು ಕೇಳಿದರೆ ನಾನು ಕೊಡುತ್ತೇನೆ.

ಇಂತಿ,
ನಿನ್ನ ಗೆಳೆಯ